ಎಡಮಡಿಕೆ

ಹಲ್ಲಿನ ಡಾಕ್ಟರು ಪೆಟ್ಟಿಗೆಯನ್ನು ದಿಂಬಿನ ಚೀಲದೊಳಗಿಟ್ಟು, ದಿಂಬಿನ ಚೀಲವನ್ನು ಬಟ್ಟೆಚೀಲದೊಳಗಿಟ್ಟು, ಬಟ್ಟೆಚೀಲವನ್ನು ಎದೆಗವಚಿಕೊಂಡು ಮೂರು ಮಹಡಿ ಹತ್ತಿ ಬಂದಿದ್ದರು. ಕರೆಗಂಟೆ ಒತ್ತಲು ಕೈ ಬಿಡುವಿಲ್ಲದೆ ಬಾಗಿಲನ್ನು ಮೊಣಕೈಯಿಂದ ತಟ್ಟಿದರು. ಮಡಿಕೆಯಮ್ಮ ಬಾಗಿಲು ತೆರೆದು ನೋಡಿದರೆ, ಎಂಥ ಹಲ್ಲನ್ನೂ ನಡುಗದ ಕೈಯಲ್ಲಿ ಕೀಳುವ ಮನುಷ್ಯ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬೆವತು ನಿಂತಿದ್ದಾರೆ.

“ಒಳಗೆ ಬನ್ನಿ, ಮೊದಲು ನೀರು ಕುಡೀರಿ. ಅದನ್ನ ಮೇಜಿನ ಮೇಲಿಡಿ, ಎಲ್ಲಿಗೂ ಓಡಿಹೋಗಲ್ಲ,” ಎಂದಳು.

ಮಡಿಕೆಯಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹಳೆಯ ಆಟದ ಕಾರ್ಡುಗಳ ಪೆಟ್ಟಿಗೆ ಕೂಡಿಡುವವರ ಸಂಘವೊಂದಿದೆ, ಅವರು ಇಟ್ಟದ್ದು. ಈ ಸಂಘದವರ ಹುಚ್ಚನ್ನು ಸ್ವಲ್ಪ ಹೇಳಲೇಬೇಕು. ನಲವತ್ತು ಐವತ್ತು ವರ್ಷದ ಹಿಂದೆ ಮಕ್ಕಳು ಅಂಗಡಿಯಲ್ಲಿ ಒಂದು ಪೊಟ್ಟಣ ಕೊಂಡರೆ ಒಳಗೆ ಐದು ಆಟಗಾರರ ಚಿತ್ರದ ಕಾರ್ಡು, ಒಂದು ತುಂಡು ಚೂಯಿಂಗ್ ಗಮ್ ಸಿಗುತ್ತಿತ್ತು. ಅಂಥ ಮೂವತ್ತಾರು ಪೊಟ್ಟಣ ಸೇರಿದರೆ ಒಂದು ಪೆಟ್ಟಿಗೆ. ಯಾವುದೋ ಅಂಗಡಿಯ ಅಟ್ಟದಲ್ಲಿ, ಯಾವುದೋ ಗೋದಾಮಿನ ಮೂಲೆಯಲ್ಲಿ ಒಡೆಯದೆ ಉಳಿದುಹೋದ ಪೆಟ್ಟಿಗೆಯನ್ನು ಇವರು ಹುಡುಕಿ ತಂದು, ಗಾಜಿನ ಕಪಾಟಿನಲ್ಲಿಟ್ಟು, ಜೀವಮಾನವೆಲ್ಲ ಒಡೆಯದೆ ಕಾಯುತ್ತಾರೆ. ಒಳಗಿರುವುದನ್ನು ನೋಡಬೇಕೆಂಬ ಆಸೆ ಇಲ್ಲವೆಂದಲ್ಲ. ಆ ಆಸೆಯನ್ನು ಹಲ್ಲು ಕಚ್ಚಿ ತಡೆದುಕೊಳ್ಳುವುದರಲ್ಲೇ ಅವರ ಸುಖವೆಲ್ಲ ಇರುವುದು. ಹೆಂಡತಿ ಮಕ್ಕಳ ಕೈಲಿ ಬೈಸಿಕೊಂಡು ಬೈಸಿಕೊಂಡು ಅವರ ಚರ್ಮ ದಪ್ಪವಾಗಿರುತ್ತದೆ.

ಇಂಥವರನ್ನು ಏಮಾರಿಸುವುದು ಸುಲಭ. ಪೆಟ್ಟಿಗೆಯ ಮೇಲಿನ ಮೇಣದ ಕಾಗದವನ್ನು ನಾಜೂಕಾಗಿ ಬಿಚ್ಚಿ, ಒಳ್ಳೆಯ ಕಾರ್ಡು ಕದ್ದು, ಕಸದಂಥವು ತುಂಬಿ, ಮತ್ತೆ ಮಡಿಸಿ ಇಸ್ತ್ರಿಪೆಟ್ಟಿಗೆ ಸೋಕಿಸಿದರಾಯಿತು. ಅದಕ್ಕೇ ಮಡಿಕೆಯಮ್ಮ ಬೇಕು. ಆ ಕಾರ್ಡುಗಳ ಕಾರ್ಖಾನೆಯಲ್ಲಿ ಅವಳು ಒಂಬತ್ತು ವರ್ಷ ದುಡಿದವಳು. ಆ ಕಾಲದಲ್ಲಿ ಹೊರಗಿನ ಕಾಗದವನ್ನು ಮಡಿಸುತ್ತಿದ್ದದ್ದು ಯಂತ್ರವಲ್ಲ, ಹೆಂಗಸರ ಕೈ. ಮಡಿಕೆ ನೋಡಿ ಇದು ಕಾರ್ಖಾನೆಯ ಕೈಯೋ ಕಳ್ಳನ ಕೈಯೋ ಎಂದು ಹೇಳಬಲ್ಲವರಲ್ಲಿ ಈಗ ಅವಳೊಬ್ಬಳೇ ಉಳಿದಿದ್ದಾಳೆ. ಅವಳು ಒಂದು ಮಾತು ಹೇಳಿದರೆ ಸಂಘದಲ್ಲಿ ಅದಕ್ಕೆ ಎದುರಿಲ್ಲ.

ಸಂಘಕ್ಕೆ ಒಂದು ಕಟ್ಟುನಿಟ್ಟಿನ ನಿಯಮವೂ ಇದೆ. ನಕಲಿ ಎಂದು ಅವಳು ಹೇಳಿದ ಪೆಟ್ಟಿಗೆಯನ್ನು ಅವಳ ಮೇಜಿನ ಮೇಲೇ, ತಂದವನೇ ತನ್ನ ಕೈಯಾರೆ ಹರಿಯಬೇಕು. ಆ ಪೆಟ್ಟಿಗೆ ಇನ್ನೊಬ್ಬನ ಮನೆಗೆ ಹೋಗಿ ಅವನನ್ನೂ ಮುಳುಗಿಸಬಾರದು ಎಂದು.

ಮಡಿಕೆಯಮ್ಮ ಕೈ ತೊಳೆದು, ಒರೆಸಿ, ಕಿಟಕಿಯ ಬಳಿ ಕುರ್ಚಿ ಎಳೆದು ಕೂತಳು. ಹತ್ತು ಗಂಟೆಯ ಬೆಳಕು ಮೇಜಿನ ಮೇಲೆ ನೇರ ಬೀಳುತ್ತಿತ್ತು. ಎದುರು ಮನೆಯ ಬಾಲ್ಕನಿಯಲ್ಲಿ ಯಾರೋ ಚಾದರ ಒದರುತ್ತಿದ್ದರು. ಡಾಕ್ಟರು ಪೆಟ್ಟಿಗೆಯನ್ನು ದಿಂಬಿನ ಚೀಲದಿಂದ ಹೊರತೆಗೆದು ಅವಳ ಮುಂದಿಟ್ಟರು.

ಭೂತಗನ್ನಡಿ ಕೈಗೆತ್ತಿಕೊಳ್ಳುವ ಮುಂಚೆಯೇ ಅವಳಿಗೆ ಅಂಚು ಕಂಡಿತು. ಬಲಗೈಯವರು ಕಾಗದ ಮಡಿಸಿದರೆ ಕೊನೆಗೆ ಬಲದ ಅಂಚು ಮೇಲೆ ಬರುತ್ತದೆ. ಇಲ್ಲಿ ಮೇಲಿದ್ದದ್ದು ಎಡದ ಅಂಚು.

“ಎಡಮಡಿಕೆ ಅಲ್ವಾ ಅಮ್ಮಾ?” ಡಾಕ್ಟರು ಪೆಚ್ಚಾಗಿ ನಕ್ಕರು. “ನನಗೂ ಗೊತ್ತಾಯ್ತು. ನಮ್ಮ ಕಾರ್ಯದರ್ಶಿ ಫೋಟೋ ನೋಡಿದವನೇ ‘ಎಡಮಡಿಕೆ ಅಂದ್ರೆ ಒಡೆದ ಪೆಟ್ಟಿಗೆ, ಮಡಿಕೆಯಮ್ಮ ಯಾವತ್ತೋ ಹೇಳಿಬಿಟ್ಟಿದ್ದಾರೆ’ ಅಂತ ನಕ್ಕುಬಿಟ್ಟ. ಆದ್ರೂ ಮನಸ್ಸು ತಡೀಲಿಲ್ಲ. ಬೀಗ ಹಾಕಿ ಮೂವತ್ತು ವರ್ಷ ಆಗಿದ್ದ ಅಂಗಡೀಲಿ ಸಿಕ್ಕಿದ್ದು. ನಿಮ್ಮ ಬಾಯಿಂದಾನೇ ಕೇಳಿಬಿಡೋಣ ಅಂತ ಬಂದೆ. ನಕಲಿ ಅಂದ್ರೆ ಅಂದುಬಿಡಿ, ಇಲ್ಲೇ ಹರಿದುಹಾಕ್ತೀನಿ.”

ಅವಳು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಮೆಲ್ಲಗೆ ಮಗುಚಿದಳು. ತಳದಲ್ಲಿ ಕಂಪನಿಯ ಹೆಸರು ನೆಟ್ಟಗೆ ಅಚ್ಚಾಗಿತ್ತು. ಅದರ ಪಕ್ಕ ನೇರಳೆ ಶಾಯಿಯ ದುಂಡು ಮುದ್ರೆ, ಮುದ್ರೆಯೊಳಗೆ ಏಳು ಎಂಬ ಅಂಕಿ. ಆ ಏಳು ತಲೆಕೆಳಗಾಗಿತ್ತು.

ಏಳನೇ ನಂಬರಿನ ಮುದ್ರೆ ಅವಳದೇ. ಅದನ್ನು ತಲೆಕೆಳಗಾಗಿ ಒತ್ತಿದ್ದು ಒಂಬತ್ತು ವರ್ಷದಲ್ಲಿ ಒಂದೇ ಒಂದು ಸಲ.

ಕಾರ್ಖಾನೆಯ ಮಡಿಸುವ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನ ನಡುವೆ ಬಿಸಿ ತಗಡು. ಕಾಗದ ಮಡಿಸಿ, ಅಂಚನ್ನು ತಗಡಿಗೆ ಒಂದು ಉಸಿರಿನಷ್ಟು ಹೊತ್ತು ಸೋಕಿಸಿ, ಮುಂದೆ ತಳ್ಳಬೇಕು. ಸಾಲಿನ ಕೊನೆಯಲ್ಲಿ ತಪಾಸಣೆಯವಳು ನೋಡಿ ಮುದ್ರೆ ಒತ್ತಬೇಕು. ಅವಳು ಅಕ್ಕ, ತಪಾಸಣೆಯವಳು; ಅವಳ ತಂಗಿ ಮಡಿಸುವವಳು. ತಂಗಿಯನ್ನು ಎಲ್ಲರೂ ಎಡಚಿ ಎಂದೇ ಕರೆಯುತ್ತಿದ್ದರು. ಎಡಗೈಯವಳು. ಹತ್ತೊಂಬತ್ತರ ಹುಡುಗಿ, ಬಾಯಿಬಡುಕಿ, ಕೆಲಸದಲ್ಲಿ ಮಾತ್ರ ಸಾಲಿನಲ್ಲಿ ಎಲ್ಲರಿಗಿಂತ ಚುರುಕು. ಬಲದ ಅಂಚೇ ಮೇಲೆ ಬರಬೇಕು ಎಂದು ನಿಯಮವಿತ್ತು. ಹಾಗೆ ಮಡಿಸಲು ಹೋದರೆ ಅವಳ ಕೈ ತೊಡರಿಕೊಳ್ಳುತ್ತಿತ್ತು, ಬೆರಳು ತಗಡಿಗೆ ತಗಲಿ ಸುಡುತ್ತಿತ್ತು. ಅಕ್ಕ ಅವಳ ಸುಟ್ಟ ಬೆರಳು ನೋಡಲಾರದೆ, “ನಿನಗೆ ಹೇಗೆ ಬರುತ್ತೋ ಹಾಗೆ ಮಡಿಸು, ನಾನು ನೋಡ್ಕೊಳ್ತೀನಿ,” ಎಂದಿದ್ದಳು. ಎರಡು ವರ್ಷ ಎಡಮಡಿಕೆಯ ಸಾವಿರಾರು ಪೆಟ್ಟಿಗೆಗೆ ಕಣ್ಣು ಮುಚ್ಚಿ ಮುದ್ರೆ ಒತ್ತಿದ್ದಳು.

ಒಮ್ಮೆ ಅಂಗಡಿಗಳಿಂದ ದೂರು ಬರತೊಡಗಿತು. ಪೆಟ್ಟಿಗೆಯಲ್ಲಿ ಒಂದೆರಡು ಪೊಟ್ಟಣ ಕಡಿಮೆ. ಸೂಪರ್‌ವೈಸರ್ ವಾಪಸಾದ ಐದು ಪೆಟ್ಟಿಗೆ ತಂದು ಮೇಜಿನ ಮೇಲೆ ಸುರಿದ. ಅದರಲ್ಲಿ ಮೂರು ಎಡಮಡಿಕೆಯವು.

“ನೋಡು, ಇವನ್ನ ಒಡೆದು ಮತ್ತೆ ಮಡಿಸಿದ್ದಾರೆ. ಕಾರ್ಖಾನೆಯ ಮಡಿಕೆ ಹೀಗಿರಲ್ಲ. ಇಲ್ಲಿ ಎಡಗೈಯವಳು ಒಬ್ಬಳೇ ಇರೋದು. ನೀನು ತಪಾಸಣೆಯವಳು, ನೀನು ಹೇಳು. ಒಡೆದದ್ದು ಹೌದೋ ಅಲ್ವೋ?”

ಒಂದೇ ಒಂದು ಮಾತು ಸಾಕಿತ್ತು. ‘ಒಡೆದಿಲ್ಲ ಸಾರ್, ಅವಳು ಮೊದಲಿಂದಲೂ ಹೀಗೇ ಮಡಿಸೋದು, ಮುದ್ರೆ ಒತ್ತಿದವಳು ನಾನೇ.’ ಆದರೆ ಹಾಗೆಂದರೆ ಎರಡು ವರ್ಷ ನಿಯಮ ಮುರಿದವಳು ಅವಳಾಗುತ್ತಾಳೆ. ಇಬ್ಬರ ಕೆಲಸವೂ ಹೋದರೆ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದು ಹೇಗೆ? ಹೀಗೆಲ್ಲ ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡದ್ದು ಉಂಟು. ಆ ಕ್ಷಣದಲ್ಲಿ ಇದ್ದದ್ದು ಬರೀ ಭಯ. ತಲೆ ತಗ್ಗಿಸಿ “ಹೌದು” ಎಂದಳು.

ಎಡಚಿ ಅಳಲಿಲ್ಲ, ಕೂಗಾಡಲೂ ಇಲ್ಲ. ಅಕ್ಕನ ಮುಖವನ್ನೇ ನೋಡಿದಳು. ಸೂಪರ್‌ವೈಸರ್ ಎಂಥ ಜಿಪುಣನೆಂದರೆ, “ಕೈಯಲ್ಲಿರೋ ಪೆಟ್ಟಿಗೆ ಮುಗಿಸಿ ಹೊರಡು,” ಎಂದುಬಿಟ್ಟ.

ಆ ಕೋಣೆಯ ಹೆಂಗಸರಲ್ಲಿ ಒಂದು ರೂಢಿಯಿತ್ತು. ಕೆಲಸ ಬಿಟ್ಟು ಹೋಗುವವಳು ತನ್ನ ಕೊನೆಯ ಪೆಟ್ಟಿಗೆಯೊಳಗೆ ಒಂದು ಚೀಟಿ ಬರೆದಿಡುತ್ತಿದ್ದಳು. ‘ಇದನ್ನು ಒಡೆದ ಮಗುವೇ, ಚೆನ್ನಾಗಿರು’ ಎಂದೋ, ‘ನನಗೆ ಮದುವೆಯಂತೆ, ದೇವರೇ ಕಾಪಾಡಬೇಕು’ ಎಂದೋ. ಎಡಚಿ ಅಕ್ಕನ ಕಡೆ ಕೈ ಚಾಚಿದಳು. “ಅಕ್ಕ, ಪೆನ್ಸಿಲ್ ಕೊಡು,” ಎಂದಳು. ನಡುನಡುವೆ ಅಕ್ಕನನ್ನೇ ನೋಡುತ್ತ ನಾಲ್ಕೈದು ಸಾಲು ಬರೆದಳು. ಚೀಟಿಯನ್ನು ಪೊಟ್ಟಣಗಳ ಮೇಲಿಟ್ಟು ಮುಚ್ಚಳ ಮುಚ್ಚಿ, ಕಾಗದ ಸುತ್ತಿ, ಎಡದ ಅಂಚನ್ನೇ ಮೇಲೆ ತಂದು, ತಗಡಿಗೆ ಸೋಕಿಸಿ, ಅಕ್ಕನ ಮುಂದೆ ತಳ್ಳಿದಳು. ಅಕ್ಕ ನೋಡದೆಯೇ ಮುದ್ರೆ ಒತ್ತಿದಳು. ಅದು ತಲೆಕೆಳಗಾಯಿತು. ಪೆಟ್ಟಿಗೆಯನ್ನು ತೆಗೆದಿಟ್ಟುಕೊಳ್ಳಬೇಕೆಂದು ಬುದ್ಧಿ ಬರುವಷ್ಟರಲ್ಲಿ ಅದು ಗೋದಾಮಿನ ಪಾಲಾಗಿತ್ತು.

ತಿಂಗಳಾದ ಮೇಲೆ ತಿಳಿಯಿತು, ಪೊಟ್ಟಣ ಎಣಿಸುವ ಯಂತ್ರವೇ ಕೆಟ್ಟಿತ್ತಂತೆ. ಯಾರೂ ಎಡಚಿಯನ್ನು ವಾಪಸು ಕರೆಯಲಿಲ್ಲ. ಅವಳು ಬೇರೆ ಊರಿಗೆ ಹೋಗಿ ಆಗಿತ್ತು. ಅಲ್ಲೇ ಮದುವೆಯಾದಳು, ಅಲ್ಲೇ ಒಬ್ಬ ಮಗಳನ್ನು ಹೆತ್ತಳು, ಆರು ವರ್ಷದ ಹಿಂದೆ ಅಲ್ಲೇ ಸತ್ತಳು. ಅಕ್ಕ ಬರೆದ ಕಾಗದಗಳು ಒಡೆಯದೆ ಹಾಗೇ ವಾಪಸು ಬರುತ್ತಿದ್ದವು. ಒಡಹುಟ್ಟಿದವಳ ಬಾಯಿಂದ ಬಂದ ಕೊನೆಯ ಮಾತು ‘ಪೆನ್ಸಿಲ್ ಕೊಡು’ ಎಂದೇ ಉಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ಹರೆಯದ ಒಂದು ಹೇಡಿತನ ಎಂದು ಮರೆಯಬಹುದಿತ್ತೇನೋ. ಮುಗಿಯಲಿಲ್ಲ. ಹದಿನೈದು ವರ್ಷದ ಹಿಂದೆ, ಅವಳು ಸಂಘಕ್ಕೆ ಪರೀಕ್ಷೆ ಮಾಡಿಕೊಡಲು ಶುರುಮಾಡಿದ ಹೊಸತರಲ್ಲಿ, ಒಬ್ಬರು ಎಡಮಡಿಕೆಯ ಪೆಟ್ಟಿಗೆಯನ್ನೇ ತಂದರು. ಮುದ್ರೆ ನೆಟ್ಟಗಿತ್ತು. ಅಸಲಿ ಎಂದರೆ ಹೀಗೇಕೆ ಮಡಿಸಿದ್ದಾರೆ ಎಂದು ಕೇಳುತ್ತಾರೆ, ಕೇಳಿದರೆ ಹಳೆಯದೆಲ್ಲ ಹೊರಗೆ ಬರುತ್ತದೆ. “ನಕಲಿ” ಎಂದುಬಿಟ್ಟಳು. ಆಮೇಲೆ ಇನ್ನೆರಡು ಬಂದವು. ಮೊದಲನೆಯದನ್ನು ನಕಲಿ ಎಂದದ್ದು ಭಯಕ್ಕೆ, ಎರಡನೆಯದನ್ನು ಎಂದದ್ದು ಮೊದಲನೆಯದನ್ನು ಉಳಿಸಿಕೊಳ್ಳಲಿಕ್ಕೆ, ಮೂರನೆಯದು ಅಭ್ಯಾಸಬಲ. ಮೂರನ್ನೂ ಇದೇ ಮೇಜಿನ ಮೇಲೆ ಹರಿದರು. ತಂಗಿ ಬದುಕಿದ್ದಳು ಆಗ.

ಈಗ ನಾಲ್ಕನೆಯದು, ಅದೇ ಕೊನೆಯ ಪೆಟ್ಟಿಗೆ, ಅವಳ ಮುಂದಿತ್ತು.

ನಕಲಿ ಎಂಬ ಮೂರಕ್ಷರ ಸಾಕು. ಅವಳು ಕೇಳಿಕೊಳ್ಳಬೇಕಾಗಿಯೂ ಇಲ್ಲ, ಕಾರಣ ಹೇಳಬೇಕಾಗಿಯೂ ಇಲ್ಲ. ಡಾಕ್ಟರು ತಾವಾಗಿಯೇ ಹರಿಯುತ್ತಾರೆ, ಚೀಟಿ ಮೇಜಿನ ಮೇಲೆ ಬೀಳುತ್ತದೆ. ‘ಏನೋ ಕಸ, ಕೊಡಿ ಇಲ್ಲಿ’ ಎಂದು ಎತ್ತಿಟ್ಟುಕೊಂಡರಾಯಿತು. ನಲವತ್ತನಾಲ್ಕು ವರ್ಷ ಹಂಬಲಿಸಿದ ನಾಲ್ಕೈದು ಸಾಲು. ಬೈದಿದ್ದರೂ ಸರಿ, ಶಾಪ ಹಾಕಿದ್ದರೂ ಸರಿ, ತನ್ನನ್ನು ಉದ್ದೇಶಿಸಿ ಅವಳು ಬರೆದ ಅಕ್ಷರ. ಎಂಥ ಆಸೆಯಾಯಿತೆಂದರೆ, ತುಟಿ ತೆರೆದೇಬಿಟ್ಟಿತ್ತು.

“ಹೇಳಿ ಅಮ್ಮಾ,” ಎಂದರು ಡಾಕ್ಟರು. “ಒಡೆದದ್ದು ಹೌದೋ ಅಲ್ವೋ?”

ಅದೇ ಮಾತು, ಅದೇ ಪ್ರಶ್ನೆ. ಪಾಪ, ಅವರಿಗೇನು ಗೊತ್ತು! ಆದರೆ ಅವಳಿಗೆ ಮೈಮೇಲೆ ಬಿಸಿ ನೀರು ಸುರಿದಂತಾಯಿತು. ಆ ಉದ್ದನೆಯ ಮೇಜು, ಮೇಣದ ವಾಸನೆ, ತನ್ನನ್ನೇ ನೋಡುತ್ತಿದ್ದ ಎರಡು ಕಣ್ಣು.

“ಒಡೆದಿಲ್ಲ,” ಎಂದಳು. ಕೆಮ್ಮಿ, ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು. “ಒಡೆದಿಲ್ಲ ಡಾಕ್ಟ್ರೇ. ಇದನ್ನ ಯಾರೂ ಯಾವತ್ತೂ ಒಡೆದಿಲ್ಲ. ಇದು ನನ್ನ ತಂಗಿಯ ಮಡಿಕೆ. ಅವಳು ಎಡಚಿ.”

ಡಾಕ್ಟರಿಗೆ ಖುಷಿಪಡಬೇಕೋ ಬೆಪ್ಪಾಗಬೇಕೋ ತಿಳಿಯಲಿಲ್ಲ. “ಮತ್ತೆ ಆ ಮೂರು ಪೆಟ್ಟಿಗೆ?”

“ಅವೂ ಅಸಲಿಯೇ. ನಾನು ಸುಳ್ಳು ಹೇಳಿದ್ದು.”

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಸುಟ್ಟ ಬೆರಳು, ಸೂಪರ್‌ವೈಸರ್, ತಾನು ಅಂದ ‘ಹೌದು’, ಚೀಟಿ, ತಲೆಕೆಳಗಾದ ಏಳು, ಒಂದನ್ನೂ ಬಿಡಲಿಲ್ಲ. ಹಲ್ಲಿನ ಡಾಕ್ಟರು ದಿನವಿಡೀ ಬೇರೆಯವರ ಬಾಯಿ ತೆರೆಸುವ ಮನುಷ್ಯ, ಈಗ ಬಾಯಿ ಮುಚ್ಚಿ ಕೂತು ಕೇಳಿದರು. ಕೊನೆಗೆ ಏನೋ ನಿರ್ಧಾರ ಮಾಡಿದವರಂತೆ ಪೆಟ್ಟಿಗೆಯನ್ನು ತಮ್ಮತ್ತ ಎಳೆದುಕೊಂಡು, ಎಡದ ಅಂಚಿನ ಕೆಳಗೆ ಹೆಬ್ಬೆರಳ ಉಗುರು ತೂರಿಸಿದರು.

“ಏನು ಮಾಡ್ತಿದೀರಿ!”

“ತೆಗೀತಿದೀನಿ. ಚೀಟಿ ನಿಮಗೆ ಬರೆದದ್ದು, ನೀವು ತಗೊಳ್ಳಿ. ನನಗೇನು, ಇನ್ನೊಂದು ಪೆಟ್ಟಿಗೆ ಸಿಗುತ್ತೆ.”

ಸಿಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಹುಚ್ಚು ಹಿಡಿದವನು ತನ್ನ ಹುಚ್ಚನ್ನೇ ಬಿಟ್ಟುಕೊಡುತ್ತಿದ್ದಾನಲ್ಲ ಎಂದು ಅವಳ ಕಣ್ಣು ತುಂಬಿ ಬಂತು. ಆದರೂ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅರವತ್ತೇಳು ವರ್ಷದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

“ಬೇಡ. ಕೈ ತೆಗೀರಿ, ಡಾಕ್ಟ್ರೇ. ಅವತ್ತು ಅವರು ಹೇಳಿದ್ದೇ ಅದು, ಎಡಮಡಿಕೆ ಅಂದ್ರೆ ಒಡೆದ ಪೆಟ್ಟಿಗೆ ಅಂತ. ಒಡೆಯದ ಎಡಮಡಿಕೆ ಇರುತ್ತೆ ಅಂತ ತೋರಿಸೋಕೆ ಈಗ ಉಳಿದಿರೋದು ಇದೊಂದೇ. ಮಿಕ್ಕಿದ್ದನ್ನ ನಾನೇ ಹರಿಸಿಬಿಟ್ಟೆ. ಇದನ್ನೂ ಒಡೆದ್ರೆ ನನ್ನ ತಂಗಿ ಕಳ್ಳಿ ಅಲ್ಲ ಅಂತ ಹೇಳೋಕೆ ಈ ಲೋಕದಲ್ಲಿ ಏನೂ ಇರಲ್ಲ, ನನ್ನ ಬಾಯಿ ಬಿಟ್ಟು. ನನ್ನ ಬಾಯಿಯ ಬೆಲೆ ಎಷ್ಟು ಅಂತ ಈಗ ನೀವೇ ಕೇಳಿದಿರಲ್ಲ.”

ಡಾಕ್ಟರು ಉಗುರು ತೆಗೆದರು. ಅಂಚು ಒಂದು ಕೂದಲೆಳೆಯಷ್ಟು ಎದ್ದಿತ್ತು. ಅವಳು ಅದನ್ನು ಬೆರಳಿನಿಂದ ಒತ್ತಿ ಕೂರಿಸಿದಳು. ಹಳೆಯ ಮೇಣ ಬೆರಳ ಬಿಸಿಗೆ ಮೆತ್ತಗಾಗಿ ಮತ್ತೆ ಅಂಟಿಕೊಂಡಿತು.

“ಏನು ಬರೆದಿರಬಹುದು?” ಎಂದರು ಡಾಕ್ಟರು, ತಡೆಯಲಾರದೆ.

“ಬೈದಿರ್ತಾಳೆ. ಅವಳ ಬಾಯಿ ನಿಮಗೆ ಗೊತ್ತಿಲ್ಲ.”

ಅವಳು ಪತ್ರದ ಹಾಳೆ ತೆಗೆದು ಸಂಘಕ್ಕೆಂದು ಬರೆದಳು. ಅದೇ ಒಕ್ಕಣೆಯನ್ನು ಇನ್ನೊಂದು ಹಾಳೆಯಲ್ಲೂ ಬರೆದಳು. ಭಾನುವಾರದ ಸಭೆಗೆ ತಾನೇ ಬಂದು ಆ ಮೂರು ಪೆಟ್ಟಿಗೆಯ ವಿಷಯವನ್ನು ಎಲ್ಲರೆದುರು ಹೇಳುವೆನೆಂದಳು. “ಆಮೇಲೆ ಯಾರೂ ನಿಮ್ಮ ಹತ್ತಿರ ಪೆಟ್ಟಿಗೆ ತರಲ್ಲ ಅಮ್ಮಾ,” ಎಂದರು ಡಾಕ್ಟರು. “ತರಬಾರದು,” ಎಂದಳು. ಪೆಟ್ಟಿಗೆಯನ್ನು ತಾನೇ ದಿಂಬಿನ ಚೀಲದೊಳಗಿಟ್ಟಳು. ಕೊಡುವಾಗ ಮಾತ್ರ ಕೈ ಬೇಗ ಬಿಡಲಿಲ್ಲ. ಡಾಕ್ಟರು ಅವಸರಪಡಿಸದೆ ಚೀಲದ ಇನ್ನೊಂದು ತುದಿ ಹಿಡಿದುಕೊಂಡೇ ನಿಂತಿದ್ದರು.

ಮಾರನೆಯ ದಿನ ಮಡಿಕೆಯಮ್ಮ ನಾಲ್ಕು ತಾಸು ಬಸ್ಸಿನಲ್ಲಿ ಕೂತು ತಂಗಿಯ ಮಗಳ ಊರಿಗೆ ಹೋದಳು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಧ್ಯಾಹ್ನದ ಹೊತ್ತು, ಗಿರಾಕಿಗಳು ಕಡಿಮೆ. ದೊಡ್ಡಮ್ಮನನ್ನು ನೋಡಿ ಅವಳ ಮುಖ ಅರಳಲೂ ಇಲ್ಲ, ಗಂಟಿಕ್ಕಲೂ ಇಲ್ಲ. ತಾಯಿ ಸತ್ತಾಗ ಒಂದು ಸಲ ನೋಡಿದ್ದು, ಅಷ್ಟೇ ಗುರುತು.

ಮಡಿಕೆಯಮ್ಮ ಆ ಎರಡನೆಯ ಹಾಳೆಯನ್ನು ಕೌಂಟರಿನ ಮೇಲಿಟ್ಟಳು. ಮಗಳು ಓದಿದಳು. ‘ಈ ಪೆಟ್ಟಿಗೆಯನ್ನು ಮಡಿಸಿದವಳು ನನ್ನ ತಂಗಿ. ಅವಳು ಎಡಗೈಯವಳಾದ್ದರಿಂದ ಎಡದ ಅಂಚು ಮೇಲಿದೆ. ಪೆಟ್ಟಿಗೆಯನ್ನು ಯಾರೂ ಒಡೆದಿಲ್ಲ. ಅವಳು ಯಾವ ಪೆಟ್ಟಿಗೆಯನ್ನೂ ಒಡೆದವಳಲ್ಲ. ನನಗೆ ಅದು ಅವತ್ತೇ ಗೊತ್ತಿತ್ತು.’ ಕೆಳಗೆ ಸಹಿ.

ಪೆಟ್ಟಿಗೆ ಸಿಕ್ಕ ಕಥೆ, ಅದರೊಳಗಿರುವ ಚೀಟಿಯ ಕಥೆ, ಎರಡನ್ನೂ ಅವಳು ನಿಂತುಕೊಂಡೇ ಹೇಳಿದಳು.

“ಆ ಚೀಟೀಲಿ ಏನಿದೆ ಅಂತ ನಿಮಗೆ ನೋಡಬೇಕು ಅನ್ನಿಸಲಿಲ್ವಾ?”

“ಅನ್ನಿಸ್ತು. ಈಗಲೂ ಅನ್ನಿಸ್ತಿದೆ.”

ಮಗಳು ಹಾಳೆಯನ್ನು ಇನ್ನೊಮ್ಮೆ ಓದಿದಳು. “ಅಮ್ಮ ಇರುವಾಗ ಇದನ್ನ ತಂದುಕೊಡಬಹುದಿತ್ತು, ದೊಡ್ಡಮ್ಮ.”

“ಹೂಂ,” ಎಂದಳು ಮಡಿಕೆಯಮ್ಮ.

ಮುದುಕರೊಬ್ಬರು ಬಂದು ಕೆಮ್ಮಿನ ಮಾತ್ರೆ ಕೇಳಿದರು. ಮಗಳು ಮಾತ್ರೆಗಳನ್ನು ಕಾಗದದ ಚೂರಿನಲ್ಲಿಟ್ಟು ಮಡಿಸಿ ಕೊಟ್ಟು ಕಳಿಸಿದಳು. ಮತ್ತೆ ಹಾಳೆಯನ್ನು ಕೈಗೆತ್ತಿಕೊಂಡು ತಲೆಯೆತ್ತಿದಳು.

“ಇದಕ್ಕೆ ತಾರೀಖು ಹಾಕಿಲ್ಲ ನೀವು.”

ಸಂಘಕ್ಕೆ ಇಂಥ ಪತ್ರ ಬರೆದುಕೊಟ್ಟ ಹದಿನೈದು ವರ್ಷದಲ್ಲಿ ತಾರೀಖು ಹಾಕಲು ಮರೆತದ್ದು ಇದೇ ಮೊದಲು. ಮಡಿಕೆಯಮ್ಮ ಬ್ಯಾಗಿನಲ್ಲಿ ಕನ್ನಡಕಕ್ಕಾಗಿ ತಡಕಾಡಿದಳು. ಅಷ್ಟರಲ್ಲಿ ಮಗಳೇ ಪೆನ್ನು ತೆಗೆದುಕೊಂಡಿದ್ದಳು, ಎಡಗೈಯಲ್ಲಿ.

“ಯಾವುದು ಹಾಕಲಿ? ಅವತ್ತಿನದಾ, ಇವತ್ತಿನದಾ?”

ಮಡಿಕೆಯಮ್ಮ ಕೌಂಟರಿನ ಅಂಚು ಹಿಡಿದುಕೊಂಡಳು.

“ಇವತ್ತಿನದೇ ಹಾಕು ಮಗಳೇ. ಅವತ್ತು ನಾನು ಹೇಳಲಿಲ್ಲ.”

ಮಗಳು ಅಂದಿನ ತಾರೀಖು ಬರೆದಳು. ಶಾಯಿ ಆರಲೆಂದು ಒಮ್ಮೆ ಊದಿದಳು. ಆಮೇಲೆ ಹಾಳೆಯನ್ನು ಮೂರು ಪಾಲಾಗಿ, ಎಡದ ಅಂಚು ಮೇಲೆ ಬರುವಂತೆ ಮಡಿಸಿ, ಹೆಬ್ಬೆರಳಿನಿಂದ ಗೆರೆ ಎಳೆದು, ಕೌಂಟರಿನ ಕೆಳಗಿನ ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು. ಒಳಗಿನಿಂದ ಒಂದು ಸ್ಟೂಲು ತಂದು ಹಾಕಿ, “ಕೂತ್ಕೊಳ್ಳಿ, ದೊಡ್ಡಮ್ಮ,” ಎಂದಳು.